ಪಾಲೆದಡಿಯಲ್ಲಿ ಇಳಿಯುವವರು

ಶೀಲಾವತಿ ನಿವೃತ್ತರಾದ ಮರುವಾರವೇ ಮನೆಯಲ್ಲಿ ಒಂದು ಸಣ್ಣ ಜಗಳವಾಯಿತು. ಭಾನುವಾರ ಬೆಳಿಗ್ಗೆ ಅವರು ತಿಂಡಿ ಮುಗಿಸಿ, ಸೀರೆಯ ಬದಲು ಚೂಡಿದಾರ ತೊಟ್ಟು, ಬಾಗಿಲ ಬಳಿ ಕೂತು ಹೊಸ ಕ್ಯಾನ್ವಾಸ್ ಶೂವಿನ ಲೇಸು ಕಟ್ಟುತ್ತಿದ್ದರು. ಮಗುವನ್ನು ಎತ್ತಿಕೊಂಡು ಹೊರಗೆ ಬಂದ ಮಗಳು ಯಶಸ್ವಿ ಮೊದಲು ನೋಡಿದ್ದು ಆ ಶೂಗಳನ್ನು.

"ಎಲ್ಲಿಗಮ್ಮ?"

"ಪಾಲೆದಡಿಗೆ."

"ಪಾಲೆದಡಿಯಲ್ಲಿ ನಮಗೆ ಯಾರಿದ್ದಾರೆ?"

"ಯಾರೂ ಇಲ್ಲ. ಹೊಳೆ ಉಂಟು."

ಯಶಸ್ವಿಯೂ ಅವಳ ಗಂಡನೂ ಆ ದಿನ ಮಂಗಳೂರಿಗೆ ಒಂದು ಮದುವೆಗೆ ಹೊರಟಿದ್ದರು. ಮಗುವನ್ನು ಅಮ್ಮ ನೋಡಿಕೊಳ್ಳುತ್ತಾರೆ ಎಂಬುದು ಅಮ್ಮನನ್ನು ಕೇಳದೆಯೇ ತೀರ್ಮಾನವಾಗಿತ್ತು. ಕೆಲಸವಿದ್ದಾಗ ಡ್ಯೂಟಿ ಡ್ಯೂಟಿ ಎಂದವರು ಈಗಲಾದರೂ ಮನೆಯಲ್ಲಿರುತ್ತಾರೆ ಎಂದು ಎಲ್ಲರೂ ನಂಬಿದ್ದರು. ಶೀಲಾವತಿ ಎರಡನೇ ಶೂವಿನ ಲೇಸನ್ನೂ ಬಿಗಿದು ಎದ್ದು ನಿಂತರು.

"ವಾರದಲ್ಲಿ ಉಳಿದ ದಿನವೆಲ್ಲ ನೋಡಿಕೊಳ್ತೇನೆ. ಭಾನುವಾರ ನನ್ನದು. ಮಗುವನ್ನು ಮದುವೆಗೆ ಕರ್ಕೊಂಡು ಹೋಗು, ಅದಕ್ಕೂ ನಾಲ್ಕು ಜನ ಕಾಣಲಿ" ಎಂದು ಹೇಳಿ ಪುತ್ತೂರಿನ ಬಸ್ ನಿಲ್ದಾಣದ ಕಡೆ ನಡೆದೇಬಿಟ್ಟರು.

ಶೀಲಾವತಿ ಕೆಲಸದಲ್ಲಿದ್ದಷ್ಟು ಕಾಲ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು. ಹುಟ್ಟಿದ್ದು ಗುತ್ತಿಗಾರಿನ ಹತ್ತಿರ, ಅರೆಭಾಷೆ ಆಡುವ ಗೌಡರ ಮನೆಯಲ್ಲಿ. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ಕಾಯಿಲೆಯಲ್ಲಿ ತೀರಿಕೊಂಡರು. ಹೆಂಗಸರನ್ನೂ ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಾರೆ ಎಂದು ತಿಳಿದಾಗ ಅರ್ಜಿ ಹಾಕಿದರು. ಗಂಡನ ಮನೆಯವರು ಖಾಕಿ ತೊಟ್ಟು ಗಂಡಸರ ನಡುವೆ ನುಗ್ಗುವುದಾದರೆ ಈ ಮನೆಗೆ ಬರುವುದು ಬೇಡ ಎಂದರು. ಶೀಲಾವತಿ ಹೋಗಲೂ ಇಲ್ಲ, ಆ ವಿಷಯವಾಗಿ ಮತ್ತೆ ಮಾತೂ ಆಡಲಿಲ್ಲ. ಮಗಳನ್ನು ಕರೆದುಕೊಂಡು ಪುತ್ತೂರಿಗೆ ಬಂದು ಬಾಡಿಗೆ ಮನೆ ಹಿಡಿದರು.

ಅವರ ಬಗ್ಗೆ ಡ್ರೈವರುಗಳು ಈಗಲೂ ಹೇಳುವ ಮಾತೊಂದಿದೆ. ಒಮ್ಮೆ ಒಬ್ಬ ಡ್ರೈವರು ಶಾಲೆಯ ಹುಡುಗಿಯರು ಕೈ ತೋರಿಸಿದರೂ ನಿಲ್ಲಿಸದೆ ಹೊರಟಿದ್ದನಂತೆ. ಶೀಲಾವತಿ ಗಂಟೆ ಬಾರಿಸಿದರು. ಅವನು ಕೇಳಲಿಲ್ಲ. ಮತ್ತೆ ಬಾರಿಸಿದರು, ಬಾರಿಸುತ್ತಲೇ ಇದ್ದರು. ಬಸ್ಸಿನಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಳ್ಳುವವರೆಗೆ ಅವರ ಕೈ ಆ ಹಗ್ಗವನ್ನು ಬಿಡಲಿಲ್ಲ. ಕೊನೆಗೆ ಅವನು ನಿಲ್ಲಿಸಿದ. ಹುಡುಗಿಯರು ಓಡಿ ಬಂದು ಹತ್ತಿದರು. "ಎಂತ ಹಠ ಮಾರಾಯ್ರೆ ನಿಮ್ಮದು" ಎಂದು ಡ್ರೈವರು ಹೇಳಿದ್ದಕ್ಕೆ ಅವರು, "ಹಠ ಅಲ್ಲ, ಸ್ಟಾಪು" ಎಂದರಂತೆ.

ಅವರ ಬಸ್ಸು ಬಹಳ ವರ್ಷ ಓಡಿದ್ದು ಪುತ್ತೂರಿನಿಂದ ಕಾಣಿಯೂರಿನ ಮೇಲಾಗಿ ಸುಬ್ರಹ್ಮಣ್ಯಕ್ಕೆ. ಆ ದಾರಿಯಲ್ಲಿ ಪಾಲೆದಡಿ ಎಂಬ ನಿಲ್ದಾಣದಲ್ಲಿ ಅಂಗಡಿಯಿಲ್ಲ, ಮನೆಯಿಲ್ಲ, ಒಂದು ದೊಡ್ಡ ಪಾಲೆ, ಅಂದರೆ ಹಾಲೆ ಮರ ಮತ್ತು ಅದರ ಬುಡದಲ್ಲಿ ಕಲ್ಲಿನ ಕಟ್ಟೆ ಇದೆ ಅಷ್ಟೆ. ಅಲ್ಲಿ ಇಳಿದವರು ಮರಗಳ ಮಧ್ಯೆ ಇಳಿಜಾರಾಗಿ ಹೋಗುವ ಕಾಲುದಾರಿಯಲ್ಲಿ ಮರೆಯಾಗುತ್ತಿದ್ದರು. ಬೇಸಗೆಯಲ್ಲಿ ಎಲೆ ಉದುರಿದಾಗ ಮರಗಳ ಆಚೆ ಕುಮಾರಧಾರಾ ಹೊಳೆ ಮಿನುಗುವುದು ಬಸ್ಸಿನ ಮೆಟ್ಟಿಲಿಂದಲೇ ಕಾಣುತ್ತಿತ್ತು. ಶೀಲಾವತಿ ಅದನ್ನು ನೋಡುತ್ತಿರುವಾಗಲೇ ರೈಟ್ ಹೇಳಬೇಕಾಗುತ್ತಿತ್ತು. "ಎಷ್ಟು ಜನರನ್ನು ಅಲ್ಲಿ ಇಳಿಸಿದೆ, ನಾನು ಮಾತ್ರ ಇಳಿಯಲಿಲ್ಲ" ಎಂದು, ಆಮೇಲೆ ಅವರ ಜೊತೆ ನಡೆಯಲು ಸೇರಿಕೊಂಡ ನನ್ನಲ್ಲಿ ಒಮ್ಮೆ ಹೇಳಿದ್ದರು. ಅದರಲ್ಲಿ ದುಃಖ ಇರಲಿಲ್ಲ, ಬಾಕಿ ಉಳಿದ ಕೆಲಸವೊಂದನ್ನು ಹೇಳುವ ಧಾಟಿ ಇತ್ತು.

ಆ ಮೊದಲ ಭಾನುವಾರ ಅವರು ಇಳಿದರು. ಬಸ್ಸಿನ ಸದ್ದು ತಿರುವಿನಲ್ಲಿ ಕರಗಿದ ಮೇಲೆ ಕಾಲುದಾರಿ ಹಿಡಿದರು. ದಾರಿ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲ. ಎರಡು ಬದಿಯಲ್ಲಿ ಮತ್ತಿ, ಹೊನ್ನೆ, ಬೆತ್ತದ ಪೊದೆ. ನೆಲದ ಮೇಲೆ ರೆಂಜೆ, ಅಂದರೆ ಬಕುಳದ ಹೂವು ಉದುರಿ ಕಾಡಿಗೆ ಕಾಡೇ ಮದುವೆ ಮನೆಯ ಹಾಗೆ ಪರಿಮಳ ಬೀರುತ್ತಿತ್ತು. ಇಳಿಜಾರು ಮುಗಿದಲ್ಲಿ ಹೊಳೆ. ಅಲ್ಲಿಂದ ದಾರಿ ಎಡಕ್ಕೆ ತಿರುಗಿ ನೀರಿನ ಅಂಚಿನಲ್ಲೇ ಬಹಳ ದೂರ ಹೋಗಿ ಒಂದು ತೂಗುಸೇತುವೆಗೆ ಸೇರುತ್ತದೆ. ಸೇತುವೆ ದಾಟಿದರೆ ಮುಂಡಡ್ಕ. ಅಲ್ಲಿ ಅಲಿ ಕುಂಞಿ ಎಂಬ ಮುದುಕರ ಚಹಾದಂಗಡಿ. ಅದರ ಎದುರು ಮಧ್ಯಾಹ್ನದ ಮೇಲೆ ಉಪ್ಪಿನಂಗಡಿಗೆ ಹೋಗುವ ಬಸ್ಸು ಬಂದು ತಿರುಗಿ ನಿಲ್ಲುತ್ತದೆ.

ಆ ಬಸ್ಸಿಗೆ ಕಾಯುತ್ತ ಚಹಾ ಕುಡಿಯುವಾಗ ಶೀಲಾವತಿಗೆ ಒಂದು ವಿಷಯ ಹೊಳೆಯಿತು. ಒಂದು ಬಸ್ಸಿನಲ್ಲಿ ಬಂದು ಇಳಿದು, ಕಾಡು ಹೊಳೆ ನಡೆದು, ಇನ್ನೊಂದು ಬಸ್ಸು ಹಿಡಿದು ಮನೆಗೆ ಹೋಗಬಹುದು. ಕಾರಿನಲ್ಲಿ ಬಂದವರಿಗೆ ಇದು ಆಗುವುದಿಲ್ಲ. ಅವರು ಎಷ್ಟು ನಡೆದರೂ ಕಾರು ಬಿಟ್ಟಲ್ಲಿಗೇ ವಾಪಸು ಬರಬೇಕು. ಇದನ್ನು ಅಲಿ ಕುಂಞಿಯವರಿಗೆ ಹೇಳಿದಾಗ ಅವರು ಗ್ಲಾಸು ತೊಳೆಯುತ್ತ, "ಹೌದು, ಕಾರು ಅಂದ್ರೆ ಕಟ್ಟಿ ಹಾಕಿದ ದನದ ಹಾಗೆ. ಮನಸ್ಸೆಲ್ಲ ಅದರ ಹತ್ರವೇ ಇರ್ತದೆ" ಎಂದರು.

ಹೆಂಗಸರಿಗೆ ಬಸ್ಸು ಫ್ರೀ ಆದ ವರ್ಷ ಅದು. ಶೀಲಾವತಿ ಒಂದೊಂದು ಭಾನುವಾರ ಒಂದೊಂದು ನಿಲ್ದಾಣದಲ್ಲಿ ಇಳಿಯತೊಡಗಿದರು. ಸುಳ್ಯದ ಕಡೆ ಪಯಸ್ವಿನಿ ಹೊಳೆಯ ಬದಿ, ಕಡಬದ ಕಡೆ ರಬ್ಬರು ತೋಟಗಳ ಹಿಂದಿನ ಕಾಡು. ತವರಿನ ಗುತ್ತಿಗಾರಿನ ಕಾಡಿಗೆ ಮಾತ್ರ ಹೋಗಲಿಲ್ಲ, ಅಲ್ಲಿ ಆನೆ ಬರುತ್ತಿತ್ತು. "ಆನೆಯ ಹತ್ರ ವಾದ ಮಾಡ್ಲಿಕ್ಕೆ ನನಗೆ ಬರುದಿಲ್ಲ" ಎಂದರು. ಆದರೆ ತಿರುಗಿ ತಿರುಗಿ ಬರುತ್ತಿದ್ದುದು ಪಾಲೆದಡಿಗೇ.

ಒಂದು ದಿನ ಬಸ್ಸಿನಲ್ಲಿ ಹಿಂದಿನ ಸೀಟಿನವನೊಬ್ಬ ಎಲ್ಲರಿಗೂ ಕೇಳುವಂತೆ, "ಫ್ರೀ ಮಾಡಿದ್ದೇ ಮಾಡಿದ್ದು, ಹೆಂಗಸರು ಸುಮ್ಮನೆ ತಿರುಗಲಿಕ್ಕೆ ಶುರು ಮಾಡಿದ್ರು" ಎಂದ.

ಶೀಲಾವತಿ ತಿರುಗಿ ನೋಡಿದರು. "ಹೌದು, ಸುಮ್ಮನೆ ತಿರುಗಲಿಕ್ಕೇ ಹೋಗುದು. ಇಷ್ಟು ವರ್ಷ ನೀವು ತಿರುಗಿದ್ರಿ, ನಾನು ಟಿಕೆಟ್ ಹರಿದೆ. ಈಗ ಸರದಿ ನನ್ನದು."

ಪಕ್ಕದಲ್ಲಿ ಕೂತಿದ್ದ ಹೆಂಗಸು ನಕ್ಕರು. ಅವರೇ ಊರ್ಮಿಳಾ ರೈ. ಪುತ್ತೂರಿನ ಒಳ್ಳೆಯ ಬಂಟರ ಮನೆತನದವರು. ಮನೆಯಲ್ಲಿ ಎರಡು ಕಾರು, ಓಡಿಸಲು ಡ್ರೈವರು. ಡಾಕ್ಟರು ನಡೆಯಲು ಹೇಳಿದ್ದರಿಂದ ಮನೆಯ ತಾರಸಿಯಲ್ಲಿ ಸುತ್ತು ಹಾಕಿ ಹಾಕಿ ಬೇಜಾರು ಬಂದು, ಆ ದಿನ ಯಾರಿಗೂ ಹೇಳದೆ ಕಾಣಿಯೂರಿನ ಅಕ್ಕನ ಮನೆಗೆ ಬಸ್ಸು ಹತ್ತಿದ್ದರು. "ನೀವು ತಿರುಗುದು ಎಲ್ಲಿಗೆ?" ಎಂದು ಕೇಳಿದರು. ಶೀಲಾವತಿ ಹೇಳಿದರು. ಊರ್ಮಿಳಾ ಅಕ್ಕನ ಮನೆಗೆ ಹೋಗದೆ ಪಾಲೆದಡಿಯಲ್ಲಿ ಇಳಿದರು. ಚಪ್ಪಲಿ ಕಡಿದು ಕಾಲಿನಲ್ಲಿ ಬೊಕ್ಕೆ ಎದ್ದರೂ ಮುಂಡಡ್ಕದವರೆಗೆ ನಡೆದರು.

ಅವರ ಗಂಡ ಮಹಾಬಲ ರೈಯವರಿಗೆ ಇದು ಸರಿ ಬರಲಿಲ್ಲ. "ಮನೆಯಲ್ಲಿ ಎರಡು ಕಾರು ಇಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ಜನ ಎಂತ ಹೇಳ್ಲಿಕ್ಕಿಲ್ಲ? ಬೇಕಾದ್ರೆ ಡ್ರೈವರು ಹೊಳೆಯವರೆಗೆ ಬಿಟ್ಟು ಬರ್ತಾನೆ" ಎಂದರು. ಊರ್ಮಿಳಾ, "ಅವನು ಹೊಳೆಯವರೆಗೆ ಬಿಟ್ರೆ ಮತ್ತೆ ನಾನು ನಡೆಯುದು ಎಲ್ಲಿ?" ಎಂದು ಕೇಳಿದರು. ಊರ್ಮಿಳಾ ಮುಂದಿನ ವಾರ ಶೂ ಹಾಕಿಕೊಂಡು ಬಂದರು.

ಆಮೇಲೆ ಉಪ್ಪಿನಂಗಡಿಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಜುಮಾನಾ ಬಂದಳು. ಚಿಕ್ಕವಳು, ಮಾತು ಚುರುಕು. ಅವಳ ಹಿಂದೆ ಇನ್ನೂ ಕೆಲವರು. ನಾನು ಸೇರಿದ್ದೂ ಆಗಲೇ. ಸಂಘವಿಲ್ಲ, ಹೆಸರಿಲ್ಲ, ಬ್ಯಾನರಿಲ್ಲ. ಭಾನುವಾರ ಬೆಳಗಿನ ಬಸ್ಸಿನಲ್ಲಿ ಇದ್ದವರು ಇದ್ದರು, ಇಲ್ಲದವರು ಇಲ್ಲ. ಒಂದು ಸಲ ಮಂಗಳೂರಿನಿಂದ ಒಬ್ಬರು ದೊಡ್ಡ ಕಾರಿನಲ್ಲಿ ಬಸ್ಸಿನ ಹಿಂದೆಯೇ ಬಂದು ಪಾಲೆ ಮರದ ಬುಡದಲ್ಲಿ ನಿಲ್ಲಿಸಿ, ನಾನೂ ಬರಬಹುದಾ ಎಂದರು. ಶೀಲಾವತಿ ಕಾರನ್ನೊಮ್ಮೆ, ಅವರನ್ನೊಮ್ಮೆ ನೋಡಿದರು. "ನೀವು ಬರಬಹುದು. ಅದು ಬರ್ಲಿಕ್ಕಿಲ್ಲ. ಮುಂದಿನ ವಾರ ಅದನ್ನು ಪುತ್ತೂರಲ್ಲಿ ಬಿಟ್ಟು ಬನ್ನಿ" ಎಂದರು. ಅವರು ಬರಲಿಲ್ಲ. ನಾವೂ ಕಾಯಲಿಲ್ಲ.

ಮರುವರ್ಷದ ದೀಪಾವಳಿ ಕಳೆದ ಮೇಲಿನ ಮೊದಲ ಭಾನುವಾರ ನಾವು ಪಾಲೆದಡಿಯಲ್ಲಿ ಇಳಿದಾಗ ಕಾಲುದಾರಿ ಇರಲಿಲ್ಲ. ಅದಿದ್ದ ಜಾಗದಲ್ಲಿ ಜೆಸಿಬಿ ಓಡಿ, ಎರಡು ಕಾರು ಒಟ್ಟಿಗೆ ಹೋಗುವಷ್ಟು ಅಗಲಕ್ಕೆ ಕೆಂಪು ಮಣ್ಣು ಹರಡಿತ್ತು. ರೆಂಜೆ ಮರ ಬುಡ ಸಮೇತ ಬದಿಗೆ ಬಿದ್ದಿತ್ತು. ರಸ್ತೆಯ ಬಾಯಿಗೆ ಕಬ್ಬಿಣದ ಗೇಟು, ಎರಡೂ ಕಡೆ ತಂತಿ ಬೇಲಿ. ಗೇಟಿನ ಮೇಲೆ ಖಾಸಗಿ ಸ್ಥಳ, ಪ್ರವೇಶವಿಲ್ಲ ಎಂಬ ಹಲಗೆ.

ಊರ್ಮಿಳಾ ಬಿದ್ದ ಮರವನ್ನು ಮುಟ್ಟಲೆಂದು ಬೇಲಿಯ ಒಳಗೆ ಕೈ ಚಾಚಿದರು. ಕೈಗೆ ಎಟುಕಲಿಲ್ಲ. ಅವರು ಅಳಬಹುದೆಂದು ನನಗನಿಸಿತು. ಬದಲಿಗೆ ಅವರು ನಮ್ಮ ಯಾರಿಗೂ ಗೊತ್ತಿಲ್ಲದಷ್ಟು ಗಟ್ಟಿ ತುಳುವಿನಲ್ಲಿ ಬೈದರು.

ಒಳಗಿನಿಂದ ಜೀಪೊಂದು ಬಂತು. ಇಳಿದವರು ಚೆನ್ನಕೇಶವ ಗೌಡರು. ಸುಳ್ಯದ ಕಡೆಯವರು, ಅಲ್ಲಿನ ಹಳೆಯ ರಬ್ಬರು ತೋಟವನ್ನು ಕೊಂಡು ಹೊಳೆಬದಿಯಲ್ಲಿ ಪ್ರವಾಸಿಗರಿಗೆ ಕುಟೀರ ಕಟ್ಟಿಸುತ್ತಿದ್ದರು. ಒರಟು ಮನುಷ್ಯರೇನಲ್ಲ. ಶೀಲಾವತಿಯ ಗುರುತು ಹಿಡಿದು ಅರೆಭಾಷೆಯಲ್ಲೇ ಮನೆಯವರ ಕ್ಷೇಮ ಕೇಳಿದರು. ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡಕ್ಕೆ ಬಂದರು.

"ತಪ್ಪು ತಿಳಿಬೇಡಿ. ಜಾಗ ನನ್ನದು. ಗೆಸ್ಟುಗಳು ಬರ್ತಾರೆ, ಕಾರು ಹೊಳೆಯವರೆಗೆ ಹೋಗಬೇಕು. ಹೊಳೆ ದಾಟುವವರಿಗೆ ಮೇಲೆ ಕಾಂಕ್ರೀಟು ಸೇತುವೆ ಆಗಿದೆಯಲ್ಲ. ತೂಗುಸೇತುವೆ ಈಗ ಯಾರಿಗೆ ಬೇಕು?"

"ನಮಗೆ ಬೇಕು" ಎಂದರು ಶೀಲಾವತಿ.

"ನೀವು ಪುತ್ತೂರಿನವರು. ವಾರಕ್ಕೊಮ್ಮೆ ಗಾಳಿಗೆ ಬರುವವರು."

"ಗಾಳಿ ಖಾಸಗಿ ಅಲ್ಲ ಅಲ್ವಾ?"

ಚೆನ್ನಕೇಶವರ ಮುಖ ಕೆಂಪಾಯಿತು. "ನಮ್ಮವರಾಗಿ ಹೀಗೆ ಮಾತಾಡ್ಬಾರದು ನೀವು."

"ನಮ್ಮವರಾಗಿ ಹೀಗೆ ಬೇಲಿ ಹಾಕ್ಬಾರದು ನೀವು."

ಗೇಟು ತೆರೆಯಲಿಲ್ಲ. ಶೀಲಾವತಿ ವಾಪಸು ಹೋಗುವ ಮಾತೂ ಆಡಲಿಲ್ಲ. ರಸ್ತೆಯಲ್ಲೇ ಸ್ವಲ್ಪ ಮುಂದೆ ಹೋಗಿ, ಬೇಲಿ ಮುಗಿದಲ್ಲಿ ನೀರು ಹರಿಯುವ ಸಣ್ಣ ತೋಡೊಂದು ಹೊಳೆಗೆ ಇಳಿಯುವುದನ್ನು ಕಂಡು ಅದರೊಳಗೇ ಇಳಿದರು. ನಾವು ಕಲ್ಲಿನಿಂದ ಕಲ್ಲಿಗೆ ಹೆಜ್ಜೆ ಹಾಕುತ್ತ, ಕೆಲವು ಕಡೆ ಮೊಣಕಾಲು ನೀರಿನಲ್ಲಿ ನಡೆಯುತ್ತ ತೂಗುಸೇತುವೆಯವರೆಗೆ ಹೋದೆವು. ಬಂಡೆಯ ಮೇಲೆ ಬಿಸಿಲಿಗೆ ಮೈ ಕಾಯಿಸುತ್ತಿದ್ದ ನೀರುನಾಯಿಗಳು ನಮ್ಮನ್ನು ಕಂಡು ಬೇಸರದಿಂದ ನೀರಿಗಿಳಿದವು. ಊರ್ಮಿಳಾ ಒಮ್ಮೆ ಜಾರಿ ಕೂತೇಬಿಟ್ಟರು. ಎತ್ತಲು ಹೋದ ಜುಮಾನಾಳಿಗೆ, "ಬಿಡು, ಬಿದ್ದಾಯ್ತಲ್ಲ, ಇನ್ನು ಸ್ವಲ್ಪ ಕೂತ್ಕೊಳ್ತೇನೆ" ಎಂದು ನೀರಿನಲ್ಲೇ ಕೂತಿದ್ದರು.

ಅಲಿ ಕುಂಞಿಯವರ ಅಂಗಡಿಯಲ್ಲಿ ಬಟ್ಟೆ ಒಣಗಿಸಿಕೊಳ್ಳುತ್ತ ಕೂತಾಗ ನಮಗೆ ಇನ್ನೊಂದು ಸಂಗತಿ ತಿಳಿಯಿತು. ತೂಗುಸೇತುವೆ ಯಾರಿಗೂ ಬೇಡವಾಗಿಲ್ಲ. ಮುಂಡಡ್ಕದಿಂದ ಕಾಣಿಯೂರಿನ ಕಾಲೇಜಿಗೆ ಹೋಗುವ ಹುಡುಗಿಯರು, ಆಚೆ ದಡದ ತೋಟಗಳಿಗೆ ರಬ್ಬರು ಟ್ಯಾಪಿಂಗಿಗೆ ಹೋಗುವವರು, ವಯಸ್ಸಾದವರು, ಎಲ್ಲರೂ ಆ ದಾರಿಯಲ್ಲೇ ಪಾಲೆದಡಿಗೆ ಹೋಗಿ ಬಸ್ಸು ಹಿಡಿಯುತ್ತಿದ್ದರು. ಬೈಕು ಕಾರು ಇದ್ದವರಿಗೆ ಕಾಂಕ್ರೀಟು ಸೇತುವೆ. ಉಳಿದವರು ಗೇಟು ಬಿದ್ದ ದಿನದಿಂದ ಬಹಳ ದೂರ ಸುತ್ತು ಬಳಸಿ ನಡೆಯುತ್ತಿದ್ದಾರೆ.

"ನೀವು ಯಾರೂ ಹೇಳಲಿಲ್ಲವಾ?" ಎಂದು ಶೀಲಾವತಿ ಕೇಳಿದರು.

ಅಲಿ ಕುಂಞಿ ಭುಜ ಹಾರಿಸಿದರು. "ಸೇತುವೆ ಆಗುವ ಮೊದಲು ಅಲ್ಲಿ ದೋಣಿ ಹಾಕ್ತಾ ಇದ್ದದ್ದು ನಾನೇ. ಅಂದಿನಿಂದ ಆ ದಾರಿ ಉಂಟು. ಹೇಳುದು ಯಾರಿಗೆ? ದೊಡ್ಡವರ ಮುಖ ದಿನಾ ನೋಡ್ಬೇಕಲ್ಲ. ನಿಮಗೆ ಅದಿಲ್ಲ. ನೀವು ಬಸ್ಸು ಹತ್ತಿ ಹೋಗ್ತೀರಿ."

"ಹೋಗ್ತೇವೆ. ಮತ್ತೆ ಬರ್ತೇವೆ" ಎಂದರು ಶೀಲಾವತಿ.

ಹಾಗೆಯೇ ಬಂದೆವು. ಪ್ರತಿ ಭಾನುವಾರ ಮೊದಲು ಗೇಟಿನ ಎದುರು ನಿಂತು ತೆರೆಯಿರಿ ಎನ್ನುವುದು, ಅವರು ಇಲ್ಲ ಎನ್ನುವುದು, ನಾವು ತೋಡಿಗೆ ಇಳಿಯುವುದು. ಕೆಲವು ವಾರಗಳಾದ ಮೇಲೆ ಠಾಣೆಯಿಂದ ಶೀಲಾವತಿಗೆ ಫೋನು ಬಂತು. ಅತಿಕ್ರಮ ಪ್ರವೇಶದ ದೂರು ಬಂದಿದೆ, ಬಂದು ಹೋಗಬೇಕು ಎಂದರು.

ಯಶಸ್ವಿ ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ ತಾಯಿಯ ಜೊತೆ ಹೋದಳು. ಠಾಣೆಯ ಅಧಿಕಾರಿ ಸೌಮ್ಯವಾಗಿಯೇ ಇದ್ದರು. ಕುರ್ಚಿ ಕೊಟ್ಟರು, ನೀರು ಬೇಕೇ ಎಂದು ಕೇಳಿದರು. "ಅಮ್ಮ, ಕೇಸು ಗೀಸು ಎಂತದೂ ಬೇಡ. ಇನ್ನು ಮುಂದೆ ಆ ಕಡೆ ಹೋಗುವುದಿಲ್ಲ ಅಂತ ಒಂದು ಸಹಿ ಹಾಕಿ. ಇಲ್ಲಿಗೇ ಮುಗೀತದೆ."

"ಸಹಿ ಹಾಕುದಿಲ್ಲ."

"ಯಾಕಮ್ಮ?"

"ಹೋಗ್ತೇನಲ್ಲ, ಅದಕ್ಕೆ. ಸುಳ್ಳು ಯಾಕೆ ಬರೆದು ಕೊಡುದು?"

ಅಧಿಕಾರಿ ಯಶಸ್ವಿಯ ಕಡೆ ನೋಡಿದರು. "ಮಗಳಲ್ವಾ ನೀವು? ಸ್ವಲ್ಪ ಹೇಳಿ."

ಯಶಸ್ವಿ ತಾಯಿಗೆ ಬುದ್ಧಿ ಹೇಳಬೇಕೆಂದೇ ಬಂದವಳು. ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ಆದರೆ ಆ ಮೇಜಿನ ಎದುರು, ಕೈಗಳನ್ನು ಮಡಿಲಲ್ಲಿ ಇಟ್ಟು ನೆಟ್ಟಗೆ ಕೂತಿದ್ದ ತಾಯಿಯನ್ನು ನೋಡಿದಾಗ ಅವಳಿಗೆ ಆ ಮಾತೆಲ್ಲ ಬೇಡವಾಯಿತಂತೆ. ಎಷ್ಟೋ ಸಲ, ಸಣ್ಣವಳಿದ್ದಾಗ, ಅಮ್ಮ ಇದೇ ರೀತಿ ಯಾರ ಯಾರದೋ ಎದುರು ಕೂತದ್ದನ್ನು ಅವಳು ಕಂಡಿದ್ದಳು. ಬಾಡಿಗೆ ಮನೆ ಖಾಲಿ ಮಾಡಿ ಎಂದವರ ಎದುರು, ಶಾಲೆಯಲ್ಲಿ ತಂದೆಯ ಸಹಿಯೇ ಬೇಕು ಎಂದವರ ಎದುರು.

"ಅಮ್ಮ ಹಾಕುದಿಲ್ಲ ಅಂದ್ರೆ ಹಾಕುದಿಲ್ಲ ಸರ್" ಎಂದಳು. "ಕೇಸು ಮಾಡುದಾದ್ರೆ ಮಾಡಿ. ನಾವು ವಕೀಲರನ್ನು ನೋಡ್ತೇವೆ."

ಹೊರಗೆ ಬಂದ ಮೇಲೆ ಅವಳು ತಾಯಿಯ ಮೇಲೆ ರೇಗಿದಳು. ಮರ್ಯಾದೆ, ಮನೆತನ, ಮಗು, ಎಲ್ಲ ಬಂತು ಅದರಲ್ಲಿ. ಶೀಲಾವತಿ ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ನೀನು ಒಳಗೆ ಹೇಳಿದ್ದು ಒಳ್ಳೆದಿತ್ತು" ಎಂದರು. ಯಶಸ್ವಿ ಮತ್ತೂ ಸಿಟ್ಟಾಗಿ ಆಟೋ ಹತ್ತಿ ಹೋದಳು. ಕೇಸು ದಾಖಲಾಗಲಿಲ್ಲ.

ಠಾಣೆಯ ಸುದ್ದಿ ಹೊಳೆ ದಾಟಿ ಮುಂಡಡ್ಕಕ್ಕೆ ಮುಟ್ಟಿತು. ಪುತ್ತೂರಿನ ಹೆಂಗಸು ತಮ್ಮ ದಾರಿಗಾಗಿ ಠಾಣೆ ಮೆಟ್ಟಿಲು ಹತ್ತಿ ಸಹಿ ಹಾಕದೆ ಬಂದಳು ಎಂಬ ಮಾತು ಅಲ್ಲಿನವರನ್ನು ಚುಚ್ಚಿತು. ಆ ತಿಂಗಳ ಗ್ರಾಮಸಭೆಗೆ ಯಾವತ್ತೂ ಬಾರದ ತಾಯಂದಿರು ಬಂದು ಶಾಲೆಯ ಜಗಲಿಯಲ್ಲಿ ತುಂಬಿ ಕೂತರು. ಶೀಲಾವತಿ, ಊರ್ಮಿಳಾ, ಜುಮಾನಾ, ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆವು. ನಮಗೆ ಅಲ್ಲಿ ಮಾತಾಡುವ ಹಕ್ಕಿಲ್ಲ ಎಂದು ಚೆನ್ನಕೇಶವರು ಮೊದಲೇ ಹೇಳಿದ್ದರು, ಅದು ನಿಜವೂ ಆಗಿತ್ತು.

"ನಾನು ಯಾರ ದಾರಿಯನ್ನೂ ಮುಚ್ಚಿಲ್ಲ" ಎಂದರು ಚೆನ್ನಕೇಶವರು. "ಮೇಲೆ ಸೇತುವೆ ಉಂಟು. ಕಾರು, ಬೈಕು ಎಲ್ಲ ಹೋಗ್ತದೆ."

ಅಮ್ಮು ಎಂಬ ಟ್ಯಾಪಿಂಗ್ ಕೆಲಸದ ಹೆಂಗಸು ಎದ್ದು ನಿಂತರು. "ಕಾರು ಹೋಗ್ತದೆ, ನಾನು ಒಪ್ತೇನೆ. ನನ್ನ ಮಗಳು ಕಾರಲ್ಲ. ಅವಳು ಹೇಗೆ ಹೋಗುದು?"

ಸಭೆಯಲ್ಲಿ ನಗು ಎದ್ದಿತು. ಅಧ್ಯಕ್ಷರು ಮೇಜು ಕುಟ್ಟಿದರು. ಬೇಕಾದರೆ ಬೆಳಿಗ್ಗೆ ಸಂಜೆ ಗೇಟು ತೆರೆದಿಡುವ ಬಗ್ಗೆ ಯೋಚಿಸಬಹುದು ಎಂದು ಚೆನ್ನಕೇಶವರು ಹೇಳಿದಾಗ ಹಲವರು ಸಮಾಧಾನದಿಂದ ತಲೆಯಾಡಿಸಿದರು. ಆಗ ಹಿಂದಿನಿಂದ ಶೀಲಾವತಿಯ ಧ್ವನಿ ಕೇಳಿತು. ಕಂಡಕ್ಟರ್ ಆಗಿದ್ದವರ ಧ್ವನಿ, ಮೈಕು ಬೇಕಿರಲಿಲ್ಲ.

"ಅಮ್ಮು, ಗೇಟು ಬೇಡ ಹೇಳಿ. ತಡಮೆ ಕೇಳಿ."

ತಡಮೆ ಎಂದರೆ ನಮ್ಮ ಕಡೆ ಬೇಲಿಯ ನಡುವೆ ಮನುಷ್ಯರು ಮೆಟ್ಟಿ ದಾಟಲೆಂದು ಇಟ್ಟ ಕಲ್ಲು ಮರದ ಮೆಟ್ಟಿಲು. ದನ ದಾಟುವುದಿಲ್ಲ, ಗಾಡಿ ದಾಟುವುದಿಲ್ಲ. ಹಿಂದೆ ಪ್ರತಿ ಹಿತ್ತಿಲಿಗೂ ಒಂದು ಇರುತ್ತಿತ್ತು.

"ನಿಮಗೆ ಮಾತಾಡ್ಲಿಕ್ಕೆ ಇಲ್ಲ ಅಂತ ಹೇಳಿ ಆಗಿದೆ" ಎಂದರು ಚೆನ್ನಕೇಶವರು.

"ನಿಮ್ಮ ಹತ್ರ ಅಲ್ಲ, ಅಮ್ಮುವಿನ ಹತ್ರ ಮಾತಾಡಿದ್ದು. ಅಮ್ಮು, ಗೇಟಿಗೆ ಬೀಗ ಇರ್ತದೆ, ಬೀಗಕ್ಕೆ ಒಬ್ಬ ಯಜಮಾನ ಇರ್ತಾನೆ. ಅವನಿಗೆ ಮನಸ್ಸು ಬಂದಾಗ ತೆಗೀತಾನೆ, ಇಲ್ಲದಾಗ ಹಾಕ್ತಾನೆ. ತಡಮೆಗೆ ಬೀಗ ಇಲ್ಲ."

ಅಮ್ಮು ತಡಮೆ ಎಂದರು. ಅವರ ಪಕ್ಕದವರೂ ಎಂದರು. ಜಗಲಿಯ ಕೊನೆಯಿಂದ ಅಲಿ ಕುಂಞಿಯವರೂ ಎಂದರು. ಅಧ್ಯಕ್ಷರು ಮುಂದಿನ ಸಭೆಯಲ್ಲಿ ಪರಿಶೀಲಿಸಲಾಗುವುದು ಎಂದು ಹೇಳಿ ಎದ್ದರು.

ಮುಂದಿನ ಸಭೆಗೆ ಶೀಲಾವತಿ ಕಾಯಲಿಲ್ಲ. ಶುಕ್ರವಾರ ಚೆನ್ನಕೇಶವರಿಗೇ ಫೋನು ಮಾಡಿದರು. "ಭಾನುವಾರ ಬೆಳಿಗ್ಗೆ ಗೇಟಿನ ಪಕ್ಕ ತಡಮೆ ಹಾಕ್ತೇವೆ. ಕದ್ದು ಮಾಡುದಿಲ್ಲ, ಅದಕ್ಕೆ ಹೇಳಿದ್ದು. ಬರುದಾದ್ರೆ ಬನ್ನಿ."

ಅವರು ಬಂದರು. ಪೊಲೀಸ್ ಪೇದೆಯೊಬ್ಬರೂ ಬಂದು ಪಾಲೆ ಮರದ ಕಟ್ಟೆಯಲ್ಲಿ ಕೂತರು. ಬಸ್ಸಿನಿಂದ ನಾವು ಇಳಿದಾಗ ಆಚೆ ಬದಿಯಿಂದ ಮುಂಡಡ್ಕದವರು ಹೊಳೆ ದಾಟಿ, ಅದೇ ಅಗಲ ರಸ್ತೆಯಲ್ಲಿ, ಕುಟೀರಗಳ ಎದುರಿನಿಂದಲೇ ಮೇಲೆ ಬರುತ್ತಿದ್ದರು. ಅಮ್ಮುವಿನ ಹೆಗಲ ಮೇಲೆ ಹಾರೆ ಇತ್ತು. ಜೆಸಿಬಿ ಉರುಳಿಸಿದ್ದ ರೆಂಜೆ ಮರದ ಕಾಂಡವನ್ನೇ ಆ ಊರಿನವರು ಹಲಗೆಯಾಗಿ ಸೀಳಿಸಿ ಇಟ್ಟಿದ್ದರು. ಒಳಗಿನವರು ಒಳಗಿನಿಂದ, ನಾವು ಹೊರಗಿನಿಂದ ಕಲ್ಲು ಜೋಡಿಸಿದೆವು. ತಂತಿಯನ್ನು ಯಾರೂ ಕಡಿಯಲಿಲ್ಲ. ಮೇಲಿನ ಎರಡು ಎಳೆಯನ್ನು ಕೆಳಗೆ ಬಾಗಿಸಿ ಅದರ ಮೇಲೆ ಹಲಗೆ ಕೂರಿಸಿದೆವು.

"ನಾನು ನಾಳೆ ಇದನ್ನು ಕಿತ್ತು ಹಾಕಿಸ್ತೇನೆ" ಎಂದರು ಚೆನ್ನಕೇಶವರು.

"ನಾವು ಮುಂದಿನ ವಾರ ಮತ್ತೆ ಹಾಕ್ತೇವೆ" ಎಂದರು ಶೀಲಾವತಿ. "ಕೀಳ್ಲಿಕ್ಕೆ ನೀವು ಆಳು ಇಡಬೇಕು. ನಮಗೆ ಹಾಕ್ಲಿಕ್ಕೆ ಆಳು ಬೇಡ."

ಅವರು ಕೀಳಿಸಿದರು. ನಾವು ಹಾಕಿದೆವು. ಮತ್ತೆ ಕೀಳಿಸಿದರು, ಆ ಸಲ ಹಲಗೆಯನ್ನೂ ಹೊತ್ತೊಯ್ದರು. ಮಹಾಬಲ ರೈಯವರು ಹೆಂಡತಿಗೂ ನಮಗೂ ಹೇಳದೆ ತಮ್ಮ ಮನೆಯ ಹಳೆಯ ಹಲಸಿನ ತೊಲೆಯೊಂದನ್ನು ಕಳಿಸಿಕೊಟ್ಟರು. ಅದು ಬಂದದ್ದು ಬಸ್ಸಿನ ಟಾಪಿನ ಮೇಲೆ. ಆ ವೇಳೆಗೆ ಕಾಲೇಜಿನ ಹುಡುಗಿಯರು ದಿನವೂ ಅಲ್ಲೇ ದಾಟತೊಡಗಿದ್ದರು. ಕುಟೀರಕ್ಕೆ ಬಂದ ಅತಿಥಿಗಳೂ ದಾಟಿ ನೋಡಿ, ಇದು ಎಲ್ಲಿಗೆ ಹೋಗುತ್ತದೆ, ಆಚೆ ಚಹಾ ಸಿಗುತ್ತದಂತೆ ಹೌದಾ ಎಂದು ಚೆನ್ನಕೇಶವರನ್ನೇ ಕೇಳುತ್ತಿದ್ದರಂತೆ. ಮೂರನೆಯ ತಡಮೆ ಉಳಿಯಿತು.

ಬೇಸಗೆ ಕೊನೆಯಲ್ಲಿ ಒಂದು ಭಾನುವಾರ ತಡಮೆಯ ಪಕ್ಕ ಹೊಸ ಫಲಕವಿತ್ತು. ಸಾರ್ವಜನಿಕರ ಅನುಕೂಲಕ್ಕಾಗಿ ಈ ದಾರಿ ಚೆನ್ನಕೇಶವ ಗೌಡರ ಕೊಡುಗೆ ಎಂದು ಬರೆದಿತ್ತು. ಚೆನ್ನಕೇಶವರು ಬಿಳಿ ಅಂಗಿ ತೊಟ್ಟು ನಿಂತಿದ್ದರು, ಜೊತೆಗೆ ಕ್ಯಾಮೆರಾ ಹಿಡಿದ ಒಬ್ಬರು. "ಬನ್ನಿ, ಒಂದು ಫೋಟೋ ತೆಗಿಯುವ. ಹಳೆದೆಲ್ಲ ಬಿಟ್ಟುಬಿಡುವ" ಎಂದರು.

ಶೀಲಾವತಿ ಫಲಕವನ್ನು ನಿಧಾನವಾಗಿ ಓದಿದರು. "ಹಳೆದು ಬಿಟ್ಟಾಯ್ತು. ಫೋಟೋ ಬೇಡ."

"ಯಾಕೆ? ದಾರಿ ಕೊಟ್ಟೆನಲ್ಲ. ಒಂದು ಥ್ಯಾಂಕ್ಸ್ ಆದ್ರೂ ಹೇಳಬಹುದಿತ್ತು ನೀವು."

"ನೀವು ಕೊಟ್ಟದ್ದಲ್ಲ ಚೆನ್ನಕೇಶವಣ್ಣ. ನೀವು ತೆಗೊಂಡದ್ದು. ವಾಪಸು ಬಂತು. ವಾಪಸು ಬಂದದ್ದಕ್ಕೆ ಥ್ಯಾಂಕ್ಸ್ ಹೇಳುವ ಕ್ರಮ ನನಗೆ ಗೊತ್ತಿಲ್ಲ."

ಕ್ಯಾಮೆರಾದವರು ಕ್ಯಾಮೆರಾ ಇಳಿಸಿದರು. ಅಮ್ಮುವಿನ ಮಗಳು ಭಾನುವಾರದ ವಿಶೇಷ ತರಗತಿಗೆಂದು ಪುಸ್ತಕದ ಚೀಲ ಹೊತ್ತು ಅವರ ನಡುವಿನಿಂದ ದಾಟಿ ಬಸ್ಸಿಗೆ ಓಡಿದಳು. ಮುಂದಿನ ವಾರ ಫಲಕ ಇರಲಿಲ್ಲ. ಅದನ್ನು ತೆಗೆದದ್ದು ಅವರೋ ಬೇರೆಯವರೋ ನಮಗೆ ತಿಳಿಯದು.

ಆ ಮಳೆಗಾಲದಲ್ಲಿ ಹೊಳೆ ಹುಚ್ಚಾಗಿ ಬಂತು. ಉಪ್ಪಿನಂಗಡಿಯಲ್ಲಿ ನೇತ್ರಾವತಿ, ಕುಮಾರಧಾರಾ ಎರಡೂ ಒಟ್ಟಿಗೆ ಏರಿ ಜುಮಾನಾಳ ಮೆಡಿಕಲ್ ಶಾಪಿನ ಮೆಟ್ಟಿಲಿಗೆ ನೀರು ಮುಟ್ಟಿತು. ಪಾಲೆದಡಿಯ ಕೆಳಗಿನ ದಾರಿ ವಾರಗಟ್ಟಲೆ ನೀರಿನ ಅಡಿಯಲ್ಲಿತ್ತು. ನಾವು ಹೋಗಲಿಲ್ಲ. ನವರಾತ್ರಿಯ ಹೊತ್ತಿಗೆ ಮತ್ತೆ ಇಳಿದಾಗ, ಮಳೆಗೆ ಮಣ್ಣು ಕುಸಿದು ತಡಮೆಯ ಕಲ್ಲು ಜರಿದಿರಬೇಕೆಂದು ಜುಮಾನಾ ಚೀಲದಲ್ಲಿ ಸಣ್ಣ ಸುತ್ತಿಗೆ ತಂದಿದ್ದಳು. ಆದರೆ ಯಾರೋ ಆಗಲೇ ಕಲ್ಲುಗಳನ್ನು ಹೊಸದಾಗಿ ಕಟ್ಟಿದ್ದರು. ಸಿಮೆಂಟಿನ ಮೇಲೆ ಇನ್ನೂ ಪಾಚಿ ಹಿಡಿದಿರಲಿಲ್ಲ. ಕುಟೀರದ ಕೆಲಸದವರು ಗಾರೆ ಬಳಿಯಲು ಬಳಸುವ ಕರಣೆ ಬದಿಯಲ್ಲೇ ಬಿದ್ದಿತ್ತು.

ಊರ್ಮಿಳಾ ಅದನ್ನು ಕಂಡು ಏನೋ ಹೇಳಲು ಹೊರಟರು. ಶೀಲಾವತಿ ಆಗಲೇ ಹಲಗೆಯ ಮೇಲೆ ಹತ್ತಿ ನಿಂತು, ಅತ್ತ ಇತ್ತ ಭಾರ ಹಾಕಿ ನೋಡುತ್ತಿದ್ದರು.

"ಸರಿಯಾಗಿ ಕೂತಿಲ್ಲ, ಅಲುಗಾಡ್ತದೆ" ಎಂದರು. ಕೆಳಗಿಳಿದು, ಚಪ್ಪಟೆ ಕಲ್ಲೊಂದನ್ನು ಹುಡುಕಿ ಹಲಗೆಯ ಅಡಿಗೆ ಸಿಕ್ಕಿಸಿ, ಜುಮಾನಾಳ ಸುತ್ತಿಗೆಯಿಂದ ಒಳಕ್ಕೆ ಬಡಿದರು. ಮತ್ತೆ ಹತ್ತಿ ನೋಡಿದರು. ಈ ಸಲ ಅಲುಗಾಡಲಿಲ್ಲ. ಆಚೆ ಇಳಿದು, ಹಿಂದಿರುಗಿ ನೋಡದೆ, ಹೊಳೆಯ ಕಡೆ ನಡೆಯತೊಡಗಿದರು.